ಮಳೆಗಾಲದಲ್ಲಿ ಕಣ್ಣು, ಒಣಗಾಲದಲ್ಲಿ ತರಗೆಲೆ

ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಹೊಲದ ಪಕ್ಕ ಹೊತ್ತು ಮುಳುಗುವಾಗ ಒಮ್ಮೆ ನಡೆದು ನೋಡಿ. ಹಗಲಿಡೀ ಹಾರಿದ ಚಿಟ್ಟೆಗಳೆಲ್ಲ ಅಷ್ಟೊತ್ತಿಗೆ ಎಲೆಮರೆ ಸೇರಿರುತ್ತವೆ. ಆಗ ಕಾಲಬುಡದ ಒಣ ರವದಿಯಿಂದ ಏನೋ ಒಂದು ಪಟಪಟನೆ ಏಳುತ್ತದೆ. ಅಡ್ಡಾದಿಡ್ಡಿಯಾಗಿ ನಾಲ್ಕು ಮಾರು ಹಾರಿ, ಮತ್ತೆ ನೆಲಕ್ಕಿಳಿದು ಮಾಯವಾಗುತ್ತದೆ. ಅದು ಇಳಿದ ಜಾಗವನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಆದರೂ ಹತ್ತಿರ ಹೋದರೆ ಅಲ್ಲಿ ಬರೀ ಒಣ ಎಲೆ. ಇನ್ನೊಂದು ಹೆಜ್ಜೆ ಇಟ್ಟರೆ ಅದೇ ಒಣ ಎಲೆಗಳಲ್ಲಿ ಒಂದು ಮತ್ತೆ ಎದ್ದು ಹಾರುತ್ತದೆ.

ಇದು ಕಾಮನ್ ಈವ್ನಿಂಗ್ ಬ್ರೌನ್ ಅನ್ನುವ ಚಿಟ್ಟೆ. ವಿಜ್ಞಾನಿಗಳ ಪಟ್ಟಿಯಲ್ಲಿ ಇದರ ಹೆಸರು ಮೆಲನೈಟಿಸ್ ಲೀಡಾ. ಲಿನೇಯಸ್ 1758ರಲ್ಲೇ ಇದನ್ನು ವಿವರಿಸಿ ಹೆಸರಿಟ್ಟಿದ್ದ. ನಾನಿಲ್ಲಿ ಸಂಜೆಗಂದು ಅಂತ ಕರೆಯುತ್ತೇನೆ. ರೆಕ್ಕೆ ಬಿಚ್ಚಿದರೆ ಆರರಿಂದ ಎಂಟು ಸೆಂಟಿಮೀಟರ್ ಅಗಲ, ಅಂದರೆ ಸಾಕಷ್ಟು ದೊಡ್ಡದು. ಆಫ್ರಿಕಾದಿಂದ ಹಿಡಿದು ನಮ್ಮ ದೇಶ ದಾಟಿ ಆಸ್ಟ್ರೇಲಿಯಾದವರೆಗೂ ಇದು ಸಿಗುತ್ತದೆ. ಅಪರೂಪದ ಚಿಟ್ಟೆ ಏನಲ್ಲ. ಆದರೂ ಇದನ್ನು ಗುರುತಿಸುವವರು ಕಡಿಮೆ. ಯಾಕೆ ಗೊತ್ತಾ? ಕತ್ತಲಲ್ಲಿ ಹಾರುತ್ತದೆ, ದೀಪದ ಹತ್ತಿರ ಬರುತ್ತದೆ, ಬಣ್ಣ ಕಂದು. ಹಾಗಾಗಿ ಎಲ್ಲರೂ ಇದನ್ನು ಪತಂಗ ಅಂದುಕೊಂಡು ಸುಮ್ನೆ ಬಿಡುತ್ತಾರೆ.

ಪತಂಗವೋ ಚಿಟ್ಟೆಯೋ ಅಂತ ತಿಳಿಯಬೇಕಾದರೆ ಮೀಸೆ ನೋಡಿ. ಚಿಟ್ಟೆಯ ಮೀಸೆಯ ತುದಿ ಸ್ವಲ್ಪ ದಪ್ಪ. ಹೆಚ್ಚಿನ ಪತಂಗಗಳ ಮೀಸೆ ಉದ್ದಕ್ಕೂ ಎಳೆಯ ಹಾಗಿರುತ್ತದೆ, ಇಲ್ಲವೇ ಕವಲೊಡೆದಿರುತ್ತದೆ. ಪತಂಗಗಳು ಸಾಮಾನ್ಯವಾಗಿ ರೆಕ್ಕೆಯನ್ನು ಮೈಮೇಲೆ ಹಾಸಿಕೊಂಡು ಕೂರುತ್ತವೆ. ಸಂಜೆಗಂದು ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿ ನೆಟ್ಟಗೆ ನಿಲ್ಲಿಸುತ್ತದೆ. ಇನ್ನೊಂದು ಗುರುತು ಕಾಲು. ಎಣಿಸಿದರೆ ನಾಲ್ಕೇ ಕಾಣುತ್ತವೆ. ಇರುವುದು ಆರೇ, ಆದರೆ ಮುಂದಿನ ಎರಡು ಕಾಲು ಗಿಡ್ಡವಾಗಿ ಎದೆಗೆ ಅಂಟಿಕೊಂಡಿರುತ್ತವೆ. ನಡೆಯಲು ಅವು ಬರುವುದಿಲ್ಲ. ಇದರ ಇಡೀ ಕುಟುಂಬವೇ ಹೀಗೆ.

ಇನ್ನು ಸಂಜೆಯ ವಿಷಯ. ಹಗಲಲ್ಲಿ ಹಾರುವ ಚಿಟ್ಟೆಗೆ ಬಿಸಿಲು ಬೇಕು, ಯಾಕೆಂದರೆ ಮೈ ಬಿಸಿಯಾಗದೆ ರೆಕ್ಕೆಯ ಸ್ನಾಯು ಕೆಲಸ ಮಾಡುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಅವು ರೆಕ್ಕೆ ಹರಡಿ ಬಿಸಿಲು ಕಾಯಿಸುವುದನ್ನು ನೀವೂ ನೋಡಿರಬಹುದು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೂ ನೆಲ, ಕಲ್ಲು, ಗಾಳಿ ಎಲ್ಲ ಬೆಚ್ಚಗೇ ಇರುತ್ತವೆ, ಅಲ್ವಾ? ಬಾದಾಮಿಯ ಕೆಂಪು ಬಂಡೆಯನ್ನು ಸಂಜೆ ಏಳಕ್ಕೆ ಮುಟ್ಟಿದರೂ ಕಾವು ಗೊತ್ತಾಗುತ್ತದೆ. ಹಾಗಾಗಿ ಸಂಜೆಯಲ್ಲೂ ಹಾರಾಟ ಸಾಧ್ಯ. ಆ ಹೊತ್ತಿಗೆ ಹಗಲಿನ ಹಕ್ಕಿಗಳು ಗೂಡು ಸೇರಿರುತ್ತವೆ ಅನ್ನುವ ಲಾಭವೂ ಇದೆ. ಮುಸ್ಸಂಜೆಯ ಆ ಚಿಕ್ಕ ಅವಧಿಯಲ್ಲೇ ಗಂಡುಗಳ ಜಗಳವೂ ನಡೆಯುತ್ತದೆ. ಒಂದು ಗಂಡು ಒಂದು ಜಾಗ ಹಿಡಿದು ಕೂರುತ್ತದೆ. ಇನ್ನೊಂದು ಗಂಡು ಆ ಕಡೆ ಬಂದರೆ ಎದ್ದು ಅಟ್ಟಿಸಿಕೊಂಡು ಹೋಗುತ್ತದೆ. ಎರಡೂ ಸುತ್ತುತ್ತಾ ಹಾರುತ್ತವೆ. ಕಚ್ಚಲು ಹಲ್ಲಿಲ್ಲ, ಪರಚಲು ಉಗುರಿಲ್ಲ. ಹಾರಿ ಹಾರಿ ದಣಿಸುವುದೇ ಅವುಗಳ ಕುಸ್ತಿ.

ಆದರೆ ನನಗೆ ಈ ಚಿಟ್ಟೆಯ ಬಗ್ಗೆ ಬರೆಯಬೇಕು ಅನ್ನಿಸಿದ್ದು ಸಂಜೆಯ ಹಾರಾಟಕ್ಕಾಗಿ ಅಲ್ಲ. ಇದಕ್ಕೆ ಎರಡು ರೂಪ ಇದೆ. ಮಳೆಗಾಲದ್ದು ಒಂದು, ಒಣಗಾಲದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಜಾತಿ ಅಂತಲೇ ಅನ್ನಿಸುತ್ತದೆ.

ಮಳೆಗಾಲದ ಸಂಜೆಗಂದು ರೆಕ್ಕೆ ಮಡಚಿ ಕೂತಾಗ ನಮಗೆ ಕಾಣುವ ಹೊರಮೈಯ ಅಂಚಿನುದ್ದಕ್ಕೂ ಕಣ್ಣಿನಂಥ ಚುಕ್ಕೆಗಳಿರುತ್ತವೆ. ನಡುವೆ ಒಂದು ಬಿಳಿ ಬಿಂದು, ಅದರ ಸುತ್ತ ಕಪ್ಪು, ಕಪ್ಪಿನ ಸುತ್ತ ಹಳದಿ ಬಳೆ. ಉಳಿದ ಜಾಗದಲ್ಲೆಲ್ಲ ಬೂದುಗಂದು ಬಣ್ಣದ ಸಣ್ಣ ಸಣ್ಣ ಗೆರೆಗಳು. ಒಣಗಾಲದ ರೂಪದಲ್ಲಿ ಈ ಕಣ್ಣುಗಳು ತೀರ ಸಣ್ಣ ಚುಕ್ಕೆಗಳಾಗಿ ಕುಗ್ಗುತ್ತವೆ, ಇಲ್ಲವೇ ಇರುವುದೇ ಇಲ್ಲ. ಅದರ ಬದಲು ರೆಕ್ಕೆ ಪೂರ್ತಿ ತರಗೆಲೆಯ ಬಣ್ಣ. ಇದರಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಕೆಲವು ಹುಲ್ಲು ಬಣ್ಣದವು, ಕೆಲವು ಕೆಂಪುಗಂದು, ಕೆಲವಕ್ಕೆ ಕಪ್ಪು ಮಚ್ಚೆ, ಕೆಲವಕ್ಕೆ ನಡುವೆ ಒಂದು ಗಾಢ ಗೆರೆ. ಉದುರಿದ ಎಲೆಗಳು ಎಲ್ಲವೂ ಒಂದೇ ಥರ ಇರುವುದಿಲ್ಲವಲ್ಲ, ಹಾಗೇ ಇವೂ. ಮುಂದಿನ ರೆಕ್ಕೆಯ ತುದಿ ಕೂಡ ಒಣಗಾಲದಲ್ಲಿ ಜಾಸ್ತಿ ಚೂಪಾಗಿ, ಕೊಕ್ಕೆಯಾಗಿ ಬಾಗಿರುತ್ತದೆ.

ರೆಕ್ಕೆಯ ಒಳಮೈ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಕಂದು ರೆಕ್ಕೆ, ಮುಂದಿನ ರೆಕ್ಕೆಯ ತುದಿಯ ಹತ್ತಿರ ಒಂದು ದೊಡ್ಡ ಕಪ್ಪು ಮಚ್ಚೆ, ಅದರೊಳಗೆ ಎರಡು ಬಿಳಿ ಚುಕ್ಕೆ. ಮಚ್ಚೆಯ ಪಕ್ಕದ ಕಿತ್ತಳೆ ಬಣ್ಣ ಒಣಗಾಲದಲ್ಲಿ ಇನ್ನಷ್ಟು ಅಗಲವಾಗಿರುತ್ತದೆ. ಆದರೆ ಕೂತಾಗ ಇದನ್ನು ತೋರಿಸುವುದು ಕಡಿಮೆ.

ಇಷ್ಟು ಬೇರೆಯಾಗಿ ಕಂಡರೆ ಹಳೆಯ ಕಾಲದವರಿಗೆ ಗೊಂದಲ ಆಗದೆ ಇರುತ್ತದೆಯೇ? ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟ ಚಿಟ್ಟೆಗಳನ್ನಷ್ಟೇ ನೋಡಿದವರು ಇವಕ್ಕೆ ಬೇರೆ ಬೇರೆ ಹೆಸರು ಕೊಟ್ಟಿದ್ದರು. ಗೊಂದಲ ಬಿಡಿಸಲು ಮೊಟ್ಟೆಯಿಂದಲೇ ಸಾಕಿ ನೋಡಬೇಕಿತ್ತು. 1880ರ ದಶಕದಲ್ಲಿ ಕಲ್ಕತ್ತೆಯಲ್ಲಿ ಲಯೊನೆಲ್ ಡಿ ನಿಸೆವಿಲ್ ಅದನ್ನು ಮಾಡಿದ. ಇಂಗ್ಲೆಂಡಿನಿಂದ ಬಂದ ಆತ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಬಿಡುವಿನಲ್ಲಿ ಚಿಟ್ಟೆ ಅಧ್ಯಯನ. ಹುಲ್ಲು ತಿನ್ನುವ ಈ ಗುಂಪಿನ ಚಿಟ್ಟೆಗಳ ಮೊಟ್ಟೆಗಳಿಂದ ಮರಿ ಸಾಕಿದ. ಕಣ್ಣುಳ್ಳ ರೂಪ ಮತ್ತು ಕಣ್ಣಿಲ್ಲದ ರೂಪ ಒಂದೇ ಜಾತಿಯವು, ಕಾಲ ಮಾತ್ರ ಬೇರೆ ಅಂತ ತೋರಿಸಿದ. ಇವತ್ತಿಗೂ ನನಗೆ ಇದು ತುಂಬ ಇಷ್ಟದ ಪ್ರಯೋಗ. ದೊಡ್ಡ ಯಂತ್ರ ಏನೂ ಬೇಕಾಗಲಿಲ್ಲ, ಹುಲ್ಲು ಮತ್ತು ತಾಳ್ಮೆ ಇದ್ದರೆ ಸಾಕಾಯಿತು.

ಸರಿ, ಎರಡು ರೂಪ ಯಾಕೆ ಬೇಕು? ಈ ಚಿಟ್ಟೆ ಹಗಲೆಲ್ಲ ಎಲ್ಲಿ ಕೂರುತ್ತದೆ ಅಂತ ಯೋಚಿಸಿ. ನೆಲದ ಮೇಲೆ. ಡಿಸೆಂಬರ್‌ನಿಂದ ಮೇವರೆಗೆ ನೆಲದ ತುಂಬ ಒಣ ಎಲೆ, ಒಣ ಹುಲ್ಲು. ಅಲ್ಲಿ ಸುಮ್ನೆ ಅಲುಗಾಡದೆ ಕೂತರೆ ಹಕ್ಕಿಗೂ ಓತಿಕ್ಯಾತಕ್ಕೂ ಕಾಣುವುದಿಲ್ಲ. ಅಂಥ ಕಡೆ ರೆಕ್ಕೆಯ ಮೇಲೆ ಹೊಳೆಯುವ ಕಣ್ಣು ಇದ್ದರೆ ಅದೇ ಶತ್ರು. ಎಲ್ಲಿದ್ದೇನೆ ಅಂತ ಅದೇ ಹೇಳಿಬಿಡುತ್ತದೆ. ಹಾಗಾಗಿ ಒಣಗಾಲದಲ್ಲಿ ಕಣ್ಣಿಲ್ಲದಿರುವುದೇ ಕ್ಷೇಮ.

ಮಳೆಗಾಲದಲ್ಲಿ ಲೆಕ್ಕ ತಲೆಕೆಳಗು. ನೆಲವೆಲ್ಲ ಹಸಿರು. ಹಸಿರಿನ ಮೇಲೆ ಕಂದು ಚಿಟ್ಟೆ ಎಷ್ಟು ಅಡಗಿದರೂ ಪೂರ್ತಿ ಅಡಗಲು ಆಗುವುದಿಲ್ಲ. ಅದೂ ಅಲ್ಲದೆ ಆ ಕಾಲದಲ್ಲಿ ಅದಕ್ಕೆ ಸುಮ್ಮನೆ ಕೂರಲು ಪುರುಸೊತ್ತಿಲ್ಲ. ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ಓಡಾಡುವುದು ಜಾಸ್ತಿ, ಬೇಟೆಗಾರರ ಕಣ್ಣಿಗೆ ಬೀಳುವುದೂ ಜಾಸ್ತಿ. ಆಗ ರೆಕ್ಕೆಯ ಅಂಚಿನ ಕಣ್ಣು ಕೆಲಸಕ್ಕೆ ಬರುತ್ತದೆ. ಬೇಟೆಗಾರ ಆ ಚುಕ್ಕೆಗೇ ಬಾಯಿ ಹಾಕುತ್ತಾನೆ. ರೆಕ್ಕೆಯ ಅಂಚು ಹರಿದರೂ ಚಿಟ್ಟೆ ಬದುಕುತ್ತದೆ. ತಲೆಗೆ, ಎದೆಗೆ ಪೆಟ್ಟು ಬಿದ್ದರೆ ಮಾತ್ರ ಕಥೆ ಮುಗಿಯಿತು. ಇದೇ ಗುಂಪಿನ ಆಫ್ರಿಕಾದ ಚಿಟ್ಟೆಯೊಂದರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಮುಂಗಾಲು ಜೋಡಿಸಿ ಕೈಮುಗಿದಂತೆ ಕೂರುವ ಮ್ಯಾಂಟಿಸ್ ಹುಳಗಳನ್ನು ಬಿಟ್ಟಾಗ, ಮಳೆಗಾಲದ ದೊಡ್ಡ ಕಣ್ಣುಗಳು ದಾಳಿಯನ್ನು ರೆಕ್ಕೆಯ ಅಂಚಿಗೆ ಎಳೆದವು. ಹೊಲದಲ್ಲಿ ನಿಮಗೂ ಅಂಚು ಹರಿದ ಚಿಟ್ಟೆ ಸಿಗಬಹುದು. ಪಾಪ ಅಂತ ಅನ್ನಿಸಿದರೂ ಅದು ಒಮ್ಮೆ ತಪ್ಪಿಸಿಕೊಂಡು ಬದುಕಿದ ಚಿಟ್ಟೆ.

ಇಲ್ಲಿಯವರೆಗೆ ಸುಲಭ. ಕಷ್ಟದ ಪ್ರಶ್ನೆ ಮುಂದಿದೆ. ಚಿಟ್ಟೆ ಕೋಶದಿಂದ ಹೊರಬಂದ ಮೇಲೆ ರೆಕ್ಕೆಯ ಬಣ್ಣ ಬದಲಾಗುವುದಿಲ್ಲ. ಸಾಯುವವರೆಗೂ ಅದೇ ರೆಕ್ಕೆ. ಅಂದರೆ ಮುಂದೆ ಬರುವ ಕಾಲ ಯಾವುದು ಅಂತ ಅದು ಹುಟ್ಟುವ ಮೊದಲೇ ತೀರ್ಮಾನ ಆಗಬೇಕು. ಹುಲ್ಲಿನ ಎಲೆಯ ಕೆಳಗೆ ಮೇಯುತ್ತಾ ಇರುವ ಹಸಿರು ಹುಳಕ್ಕೆ, ತಾನು ಚಿಟ್ಟೆಯಾಗುವ ಹೊತ್ತಿಗೆ ನೆಲ ಹಸಿರಾಗಿರುತ್ತದೋ ಒಣಗಿರುತ್ತದೋ ಅಂತ ಹೇಗೆ ಗೊತ್ತಾಗಬೇಕು?

ಉತ್ತರ ಹವೆಯಲ್ಲಿದೆ, ಮುಖ್ಯವಾಗಿ ಉಷ್ಣಾಂಶದಲ್ಲಿ. ಆಫ್ರಿಕಾದ ಅದೇ ಚಿಟ್ಟೆಯನ್ನು, ಬೈಸೈಕ್ಲಸ್ ಅನೈನಾನ ಅಂತ ಅದರ ಹೆಸರು, 1980ರ ದಶಕದ ಕೊನೆಯಲ್ಲಿ ಮಲಾವಿ ದೇಶದಿಂದ ತಂದು ಯುರೋಪಿನ ಪ್ರಯೋಗಾಲಯಗಳಲ್ಲಿ ಸಾಕುತ್ತಾ ಬಂದಿದ್ದಾರೆ. ಪಾಲ್ ಬ್ರೇಕ್‌ಫೀಲ್ಡ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಒಂದೇ ತಾಯಿಯ ಮರಿಹುಳಗಳನ್ನು ಎರಡು ಪಾಲು ಮಾಡಿ ಬೆಳೆಸಬಲ್ಲರು. ಒಂದು ಪಾಲಿಗೆ 27 ಡಿಗ್ರಿ ಸೆಲ್ಸಿಯಸ್ ಬಿಸಿ. ಇನ್ನೊಂದು ಪಾಲಿಗೆ 17 ಡಿಗ್ರಿ. ಬೆಚ್ಚಗೆ ಬೆಳೆದವು ದೊಡ್ಡ ಕಣ್ಣಿನ ಮಳೆಗಾಲದ ರೂಪ ಪಡೆಯುತ್ತವೆ. ತಂಪಿನಲ್ಲಿ ಬೆಳೆದವು ಒಣಗಾಲದ ರೂಪ ಪಡೆಯುತ್ತವೆ. ಮಲಾವಿಯಲ್ಲಿ ಮಳೆಗಾಲವೇ ಬೆಚ್ಚಗಿನ ಕಾಲ, ಮಳೆ ನಿಂತ ಮೇಲೆ ತಂಪು. ಹಾಗಾಗಿ ತಂಪು ಶುರುವಾಯಿತು ಅಂದರೆ ಒಣಗಾಲ ಹತ್ತಿರ ಬಂತು ಅಂತ ಅರ್ಥ. ಹುಳಕ್ಕೆ ಪಂಚಾಂಗ ಬೇಕಿಲ್ಲ.

ಒಳಗೆ ಏನಾಗುತ್ತದೆ ಅಂತಲೂ ಸ್ವಲ್ಪ ಗೊತ್ತಾಗಿದೆ. ಕಣ್ಣಿನ ಚುಕ್ಕೆ ಹುಟ್ಟುವುದು ಕೋಶದೊಳಗಿನ ಎಳೆಯ ರೆಕ್ಕೆಯಲ್ಲಿ. ಚುಕ್ಕೆಯ ನಡುವೆ ಇರುವ ಕೆಲವೇ ಜೀವಕೋಶಗಳು ಸುತ್ತಲಿನ ಜೀವಕೋಶಗಳಿಗೆ ಒಂದು ಸೂಚನೆ ಕಳಿಸುತ್ತವೆ. ಹತ್ತಿರದವು ಒಂದು ಬಣ್ಣ ತಾಳುತ್ತವೆ, ಸ್ವಲ್ಪ ದೂರದವು ಇನ್ನೊಂದು ಬಣ್ಣ. ಹೀಗೆ ಬಳೆಗಳು ಮೂಡುತ್ತವೆ. ಫ್ರೆಡ್ ನಿಯ್‌ಹೌಟ್ ಅನ್ನುವವರು ಅಮೆರಿಕದ ಒಂದು ಚಿಟ್ಟೆಯಲ್ಲಿ ಇದನ್ನು ತೋರಿಸಿದರು, 1980ರಲ್ಲಿ. ಆ ನಡುವಿನ ಜೀವಕೋಶಗಳನ್ನು ಸುಟ್ಟರೆ ಕಣ್ಣು ಮೂಡಲಿಲ್ಲ. ಅದನ್ನೇ ಕಿತ್ತು ರೆಕ್ಕೆಯ ಬೇರೆ ಜಾಗದಲ್ಲಿ ಕೂರಿಸಿದರೆ ಅಲ್ಲೇ ಹೊಸ ಕಣ್ಣು ಮೂಡಿತು. ಆ ಚಿಟ್ಟೆಯ ಹತ್ತಿರದ ನೆಂಟರು ನಮ್ಮ ಹೊಲದ ಬದುವಿನಲ್ಲೂ ಹಾರುತ್ತವೆ. ಕಿತ್ತಳೆ ಬಣ್ಣದ, ನವಿಲುಗಣ್ಣಿನ ಪೀಕಾಕ್ ಪ್ಯಾನ್ಸಿ ನೋಡಿರುತ್ತೀರಿ. ಅದಕ್ಕೂ ಮಳೆಗಾಲಕ್ಕೊಂದು, ಒಣಗಾಲಕ್ಕೊಂದು ರೂಪ ಇದೆ.

ಕಣ್ಣು ದೊಡ್ಡದಾಗಬೇಕೋ ಸಣ್ಣದಾಗಬೇಕೋ ಅನ್ನುವುದನ್ನು ಹೇಳುವುದು ಎಕ್ಡೈಸೋನ್ ಅನ್ನುವ ಹಾರ್ಮೋನು. ಹುಳ ಪೊರೆ ಬಿಡುವಾಗಲೂ ಇದೇ ಹಾರ್ಮೋನು ಬೇಕು. ಬೈಸೈಕ್ಲಸ್ ಚಿಟ್ಟೆಯಲ್ಲಿ ಹುಳ ಬೆಚ್ಚಗೆ ಬೆಳೆದಿದ್ದರೆ, ಕೋಶ ಕಟ್ಟಿದ ಮೇಲೆ ಈ ಹಾರ್ಮೋನು ಬೇಗ ಏರುತ್ತದೆ. ಆಗ ಕಣ್ಣು ದೊಡ್ಡದಾಗುತ್ತದೆ. ತಂಪಿನಲ್ಲಿ ಬೆಳೆದಿದ್ದರೆ ತಡವಾಗಿ ಏರುತ್ತದೆ. ಅಷ್ಟೊತ್ತಿಗೆ ಆ ಚುಕ್ಕೆ ಬೆಳೆಯುವ ಅವಕಾಶ ಮುಗಿದಿರುತ್ತದೆ. ಜೋಳದ ಹೊಲದಲ್ಲೂ ಹೀಗೇ ಅಲ್ವಾ? ಬೀಜ ಅದೇ, ಭೂಮಿ ಅದೇ. ಹದ ಇದ್ದಾಗ ಬಿತ್ತಿದರೆ ಒಂದು ಬೆಳೆ, ಹದ ಹೋದ ಮೇಲೆ ಬಿತ್ತಿದರೆ ಇನ್ನೊಂದು. ಒಂದೇ ಜೀನು, ಹೊತ್ತು ಬೇರೆಯಾದರೆ ರೂಪ ಬೇರೆ. ಜೀನ್ ಅಂದರೆ ಹಣೆಬರಹ ಅನ್ನುವವರಿಗೆ ನಾನು ಯಾವಾಗಲೂ ಈ ಚಿಟ್ಟೆಯನ್ನು ತೋರಿಸುತ್ತೇನೆ.

ಒಣಗಾಲದ ರೂಪದಲ್ಲಿ ಬಣ್ಣ ಮಾತ್ರ ಬದಲಾಗುವುದಲ್ಲ, ನಡವಳಿಕೆಯೂ ಬದಲು. ಈ ಗುಂಪಿನ ಒಣಗಾಲದ ಹೆಣ್ಣುಗಳು ಮೊಟ್ಟೆ ಇಡುವ ಕೆಲಸವನ್ನು ಮುಂದೂಡುತ್ತವೆ. ಮರಿಗೆ ಹಸಿ ಹುಲ್ಲೇ ಇಲ್ಲದಾಗ ಮೊಟ್ಟೆ ಇಟ್ಟು ಏನು ಮಾಡುವುದು? ಮಳೆ ಬರುವ ತನಕ ಅಡಗಿಕೊಂಡು, ಮೈಯಲ್ಲಿ ಕೊಬ್ಬು ಉಳಿಸಿಕೊಂಡು ಕಾಯುತ್ತವೆ. ಮಳೆಗಾಲದ ರೂಪಕ್ಕಿಂತ ಇವು ಜಾಸ್ತಿ ದಿನ ಬದುಕುತ್ತವೆ.

ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ಕಡೆ ಬರೋಣ. ಇಲ್ಲಿ ಮಳೆ ಎಲ್ಲ ಕಡೆ ಒಂದೇ ಸಮ ಇಲ್ಲ. ಬೆಳಗಾವಿ ಜಿಲ್ಲೆಯ ಪಶ್ಚಿಮಕ್ಕೆ, ಖಾನಾಪುರದ ಕಡೆ, ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡುವುದಿಲ್ಲ. ಜುಲೈ ಬಂದರೆ ಸೂರ್ಯನನ್ನು ಕಾಣುವುದೇ ಕಷ್ಟ. ಭೀಮಗಡ ಅಭಯಾರಣ್ಯ ಇರುವುದು ಅಲ್ಲೇ. ಅಲ್ಲಿಂದ ಪೂರ್ವಕ್ಕೆ ಗೋಕಾಕ, ಮುಧೋಳ, ಬೀಳಗಿ ದಾಟಿ ವಿಜಯಪುರಕ್ಕೆ ಬರುವಷ್ಟರಲ್ಲಿ ಮಳೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಇಲ್ಲಿ ಜುಲೈ ಬರೀ ಮೋಡ ಮತ್ತು ಗಾಳಿ. ಒಳ್ಳೆಯ ಮಳೆ ಬೀಳುವುದು ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ. ಆ ಮಳೆಯನ್ನೇ ನಂಬಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಹಾಗಾಗಿ ಹುಲ್ಲು ಚಿಗುರುವ ಸಮಯವೂ ಬೇರೆ, ಹುಲ್ಲನ್ನು ನಂಬಿದ ಚಿಟ್ಟೆಯ ಸಮಯವೂ ಬೇರೆ. ಡಿಸೆಂಬರ್ ರಾತ್ರಿಗಳಲ್ಲಿ ಹವೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆ ಹೊತ್ತಿಗೆ ತರಗೆಲೆ ರೂಪ ಹುಡುಕಲು ಶುರು ಮಾಡಿ.

ಖಾನಾಪುರದ ಕಾಡಿನವರಿಗೆ ಒಂದು ಎಚ್ಚರಿಕೆ. ಅಲ್ಲಿ ಇದರ ನೆಂಟ ಡಾರ್ಕ್ ಈವ್ನಿಂಗ್ ಬ್ರೌನ್ ಕೂಡ ಸಿಗುತ್ತದೆ. ಅದು ಇನ್ನೂ ಕಡು ಬಣ್ಣದ್ದು, ತೇವದ ಕಾಡಿನ ನೆರಳು ಬಿಟ್ಟು ಬರುವುದು ಕಡಿಮೆ. ಬಯಲು ಸೀಮೆಯಲ್ಲಿ ಆ ಗೊಂದಲ ಇಲ್ಲ.

ಮರಿಹುಳ ಹುಡುಕುವುದಾದರೆ ಹುಲ್ಲೇ ನೋಡಬೇಕು. ಭತ್ತ, ಜೋಳ, ಗೋವಿನಜೋಳ, ಸಜ್ಜೆ, ಕಬ್ಬು ಎಲ್ಲವೂ ಹುಲ್ಲಿನ ಜಾತಿಯೇ. ಎಲ್ಲವನ್ನೂ ಇದು ತಿನ್ನುತ್ತದೆ. ಬದುವಿನ ಕಾಡು ಹುಲ್ಲನ್ನೂ ಬಿಡುವುದಿಲ್ಲ. ಮೊಟ್ಟೆ ದುಂಡಗೆ, ಗಾಜಿನ ಹಾಗೆ ತಿಳಿ. ಹುಳ ಹಸಿರು, ಮೈತುಂಬ ಸಣ್ಣ ರೋಮ. ತಲೆಯ ಮೇಲೆ ಎರಡು ಕೊಂಬು, ಬಾಲದಲ್ಲಿ ಎರಡು ಚೂಪು. ಎದುರಿನಿಂದ ನೋಡಿದರೆ ಬೆಕ್ಕಿನ ಮುಖ ಅಂತ ಮಕ್ಕಳು ನಗುತ್ತಾರೆ. ಮೇಯುವುದು ಹೆಚ್ಚಾಗಿ ರಾತ್ರಿ. ಕೋಶವೂ ಹಸಿರೇ, ಎಲೆಗೆ ತಲೆಕೆಳಗಾಗಿ ಜೋತುಬಿದ್ದಿರುತ್ತದೆ. ಹವೆ ಬೆಚ್ಚಗಿದ್ದರೆ ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು, ಚಳಿಯಲ್ಲಿ ಇನ್ನೂ ಜಾಸ್ತಿ.

ಬೆಳೆ ತಿನ್ನುತ್ತದೆ ಅಂದ ಕೂಡಲೇ ಔಷಧ ಹೊಡೆಯಬೇಕಾ ಅಂತ ಮನೆಯ ಹಿರಿಯರು ಕೇಳಬಹುದು. ಬೇಕಾಗಿಲ್ಲ. ಭತ್ತದ ಕೀಟಗಳ ಪಟ್ಟಿಯಲ್ಲಿ ಇದರ ಹೆಸರಿದೆ, ಆದರೆ ಸಣ್ಣ ಕೀಟ ಅಂತ. ಅಲ್ಲೊಂದು ಇಲ್ಲೊಂದು ಎಲೆಯ ಅಂಚು ತಿನ್ನುತ್ತದೆ, ಅಷ್ಟೇ. ಇದರ ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡುವ ಟ್ರೈಕೊಗ್ರಾಮ ಅನ್ನುವ ಅತಿ ಸಣ್ಣ ಕಣಜಗಳಿವೆ. ಲೆಕ್ಕ ಮೀರದಂತೆ ಅವೇ ನೋಡಿಕೊಳ್ಳುತ್ತವೆ. ಔಷಧ ಹೊಡೆದರೆ ಮೊದಲು ಸಾಯುವುದೂ ಅವೇ.

ಹುಳ ಬಿಟ್ಟು ಚಿಟ್ಟೆಯನ್ನೇ ನೋಡಬೇಕಾದರೆ ಹೂವಿನ ಗಿಡದ ಹತ್ತಿರ ಕಾಯಬೇಡಿ. ಹೂವಿಗೆ ಇದು ಬರುವುದು ಅಪರೂಪ. ಇದಕ್ಕೆ ಬೇಕಾದ್ದು ಕೊಳೆತು ಹುಳಿ ಬಂದ ಹಣ್ಣು, ಮರದಿಂದ ಸೋರುವ ರಸ, ಕೆಲವೊಮ್ಮೆ ಸಗಣಿ. ಚಿಟ್ಟೆ ಅಂದರೆ ಹೂವು ಅಂತ ಗೋಡೆಯ ಚಿತ್ರಗಳು ನಮಗೆ ಕಲಿಸಿವೆ, ಏನು ಮಾಡುವುದು. ಎರಡು ಬಾಳೆಹಣ್ಣು ಕಿವುಚಿ, ಒಂದು ಚೂರು ಬೆಲ್ಲ ಸೇರಿಸಿ ಎರಡು ದಿನ ಇಡಿ. ಮಹಾಲಿಂಗಪುರದ ಕಡೆಯವರಿಗೆ ಬೆಲ್ಲಕ್ಕೇನೂ ಬರವಿಲ್ಲ. ಹುಳಿ ವಾಸನೆ ಬಂದ ಮೇಲೆ ಹಿತ್ತಲಲ್ಲಿ ನೆರಳಿರುವ ಕಡೆ ಒಂದು ತಟ್ಟೆಯಲ್ಲಿಡಿ. ಪೇರಲ ಗಿಡ ಇದ್ದರೆ ಉದುರಿದ ಹಣ್ಣನ್ನು ಗುಡಿಸದೆ ಬಿಟ್ಟರೂ ಸಾಕು. ಇರುವೆ ಮೊದಲು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಸಂಜೆ ಟಾರ್ಚ್ ಬೆಳಕನ್ನು ನೇರವಾಗಿ ಬಿಡದೆ ಪಕ್ಕಕ್ಕೆ ಹಿಡಿದು ನೋಡಿ.

ಕೂತ ಚಿಟ್ಟೆಯ ಹತ್ತಿರ ಹೋಗಲು ಸಿಕ್ಕರೆ ಅದು ಅಡಗುವ ಉಪಾಯ ಗಮನಿಸಿ. ಇಳಿದ ಕೂಡಲೇ ಮುಂದಿನ ರೆಕ್ಕೆಯನ್ನು ಹಿಂದಿನ ರೆಕ್ಕೆಯ ಮರೆಗೆ ಜಾರಿಸುತ್ತದೆ. ಕೆಲವೊಮ್ಮೆ ಮೈಯನ್ನು ಒಂದು ಬದಿಗೆ ವಾಲಿಸುತ್ತದೆ. ವಾಲಿದಾಗ ನೆರಳು ಚಿಕ್ಕದಾಗುತ್ತದೆ, ಬಿದ್ದ ಎಲೆಗಳ ನಡುವೆ ನೆಟ್ಟಗೆ ನಿಂತ ಎಲೆಯಾಗಿ ಎದ್ದು ಕಾಣುವುದೂ ತಪ್ಪುತ್ತದೆ. ಹಿಡಿಯಲು ಹೋಗಬೇಡಿ. ಬಲೆಯೂ ಬೇಡ, ಮೊಬೈಲ್ ಕ್ಯಾಮೆರಾ ಸಾಕು. ರವದಿಯೊಳಗೆ ಕೈ ಹಾಕಲೇಬೇಡಿ, ಕಬ್ಬಿನಲ್ಲಿ ಹಾವು ಇರುತ್ತವೆ. ಮುಸ್ಸಂಜೆಯಲ್ಲಿ ಹೊಲದ ಒಳಗೆ ಹೋಗದೆ ದಾರಿಯ ಮೇಲೇ ನಿಲ್ಲಿ, ಜೊತೆಗೆ ದೊಡ್ಡವರು ಇರಲಿ.

ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ರೂಢಿ ನಮ್ಮಲ್ಲಿ ಇದೆ. ಒಣಗಾಲದ ಸಂಜೆಗಂದು ಹಗಲೆಲ್ಲ ಅಡಗಿ ಕೂರುವುದು ಇಂಥ ಕಡೆಗಳಲ್ಲೇ. ರವದಿಯನ್ನು ಸುಡದೆ ಸಾಲಿನಲ್ಲೇ ಹರಡಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರ ಆಗುತ್ತದೆ ಅಂತ ಕೃಷಿ ತಿಳಿದವರು ಹೇಳುತ್ತಲೇ ಬಂದಿದ್ದಾರೆ. ಚಿಟ್ಟೆಗಾಗಿ ರೈತರು ರವದಿ ಬಿಡಲಿ ಅನ್ನುವುದು ಜಾಸ್ತಿಯಾದೀತು. ಮಣ್ಣಿಗಾಗಿ ಬಿಟ್ಟರೆ ಚಿಟ್ಟೆಗೂ ಜಾಗ ಸಿಗುತ್ತದೆ.

ಕಬ್ಬಿನಿಂದಲೇ ಒಂದು ಒಳ್ಳೆಯ ಪತ್ತೇದಾರಿ ಕೆಲಸವೂ ಹುಟ್ಟುತ್ತದೆ. ಘಟಪ್ರಭಾ, ಕೃಷ್ಣಾ ನೀರು ಬರುವ ಊರುಗಳಲ್ಲಿ ಏಪ್ರಿಲ್‌ನಲ್ಲೂ ಹೊಲ ಹಸಿರು. ಹವೆಯೂ ಸುಡುವ ಬಿಸಿ. ಅಂದರೆ ಹುಳಕ್ಕೆ ಬಿಸಿಯೂ ಸಿಕ್ಕಿತು, ಹಸಿ ಎಲೆಯೂ ಸಿಕ್ಕಿತು, ಆದರೆ ಮಳೆಗಾಲ ಇನ್ನೂ ದೂರ. ಅಂಥ ಹೊಲದ ಪಕ್ಕ ಏಪ್ರಿಲ್, ಮೇ ತಿಂಗಳಲ್ಲಿ ಸಿಗುವ ಸಂಜೆಗಂದಿಗೆ ಕಣ್ಣಿದೆಯೋ, ಇಲ್ಲವೋ? ಪಕ್ಕದಿಂದ, ರೆಕ್ಕೆ ಮಡಚಿ ಕೂತಾಗ ಫೋಟೊ ತೆಗೆಯಿರಿ. ತಾರೀಕು, ಊರು, ಪಕ್ಕದ ಬೆಳೆ ಯಾವುದು, ನೀರಾವರಿ ಇದೆಯೋ ಇಲ್ಲವೋ, ಇಷ್ಟು ಬರೆದಿಡಿ. ರೆಕ್ಕೆ ಹೊಸದಾಗಿದೆಯೋ ಹರಿದು ಮಾಸಿದೆಯೋ ಅದನ್ನೂ ಬರೆಯಿರಿ, ಮಾಸಿದ್ದರೆ ಅದು ಚಳಿಗಾಲದಲ್ಲೇ ಹುಟ್ಟಿ ಕಾಯುತ್ತಿರುವ ಹಳೆಯ ಚಿಟ್ಟೆ ಇರಬಹುದು. ಫೋಟೊವನ್ನು ಐನ್ಯಾಚುರಲಿಸ್ಟ್‌ ಅನ್ನುವ ಜಾಲತಾಣದಲ್ಲಿ ಹಾಕಿದರೆ ತಿಳಿದವರು ಗುರುತು ಹಿಡಿದು ಕೊಡುತ್ತಾರೆ. ಇಂಡಿ, ಸಿಂದಗಿ ಕಡೆಯ ಮಳೆಯಾಶ್ರಿತ ಊರಲ್ಲಿ ನಿಮ್ಮ ಸೋದರಮಾವನ ಮನೆಯೋ ಗೆಳೆಯರ ಮನೆಯೋ ಇದ್ದರೆ ಅವರಿಗೂ ಅದೇ ತಿಂಗಳು ಅದೇ ಕೆಲಸ ಹಚ್ಚಿ, ಎರಡೂ ಕಡೆಯ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿ.